ಮೂರು ಚುಕ್ಕಿ, ಒಂದು ಗೀಟು

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪಾತ್ರೆ ಅಂಗಡಿ ಇದೆ. ಅಪ್ಪ ಇಟ್ಟದ್ದು, ನಾನು ಮುಂದುವರಿಸಿದ್ದು. ಪಾತ್ರೆ ಮಾರುವುದಕ್ಕಿಂತ ಪಾತ್ರೆಗೆ ಹೆಸರು ಬರೆಯುವುದರಲ್ಲೇ ನನ್ನ ಆಯುಸ್ಸು ಹೆಚ್ಚು ಸವೆದಿದೆ. ಗುರ್ರೆನ್ನುವ ಸಣ್ಣ ಯಂತ್ರವನ್ನು ಪೆನ್ನಿನ ಹಾಗೆ ಹಿಡಿದು, ಸ್ಟೀಲ್ ತಟ್ಟೆಯ ಅಂಚಿನಲ್ಲಿ ‘ಸೋದರಮಾವನ ಪ್ರೀತಿಯ ಉಡುಗೊರೆ’ ಎಂದು ಎಷ್ಟು ಸಲ ಕೊರೆದಿದ್ದೇನೋ ದೇವರಿಗೇ ಗೊತ್ತು. ಒಮ್ಮೆ ಮದುಮಗಳ ಹೆಸರಿನ ಬದಲು ಅವಳ ತಂಗಿಯ ಹೆಸರು ಬರೆದು ಒಂದು ಡಜನ್ ಲೋಟ ಕೆಡಿಸಿದ್ದೂ ಉಂಟು. ತಂಗಿಗೆ ಗಂಡು ಗೊತ್ತಾಗುವವರೆಗೆ ಆ ಲೋಟಗಳು ಅಂಗಡಿಯ ಅಟ್ಟದಲ್ಲಿ ಕಾದವು.

ಈ ಕೆಲಸದಿಂದ ನನಗೊಂದು ಚಟ ಅಂಟಿದೆ. ಯಾರ ಮನೆಗೆ ಹೋದರೂ ತಟ್ಟೆಯನ್ನು ತಿರುಗಿಸಿ ಅಡಿ ನೋಡದಿದ್ದರೆ ಅನ್ನ ಇಳಿಯುವುದಿಲ್ಲ. ಇದಕ್ಕೆ ಹೆಂಡತಿಯಿಂದ ಬೈಸಿಕೊಳ್ಳದ ಮದುವೆ ಮನೆಯಿಲ್ಲ. ಆದರೆ ಅವಳಿಗೆ ಗೊತ್ತಿಲ್ಲ, ನಮ್ಮ ಕಡೆ ಪಾತ್ರೆಗಳ ಮೇಲೆ ಅಕ್ಷರ ಬರುವ ಮೊದಲು ಗುರ್ತ ಇತ್ತು. ಮದುವೆಗೆ, ಸೀಮಂತಕ್ಕೆ, ಉತ್ತರಕ್ರಿಯೆಗೆ ದೊಡ್ಡ ಪಾತ್ರೆಗಳು ಮನೆಯಿಂದ ಮನೆಗೆ ಹೋಗುತ್ತಿದ್ದ ಕಾಲ ಅದು. ಊಟ ಮುಗಿದ ಮೇಲೆ ಯಾವುದು ಯಾರದ್ದು ಎಂದು ಜಗಳವಾಗಬಾರದಲ್ಲ. ಅದಕ್ಕೆ ಪ್ರತಿ ಮನೆಯವರೂ ಪಾತ್ರೆಯ ಅಡಿಗೆ ತಮ್ಮದೊಂದು ಗುರ್ತ ಹೊಡೆಸುತ್ತಿದ್ದರು. ನನ್ನ ತಾಯಿಯ ಮನೆಯದ್ದು ಮೂರು ಚುಕ್ಕಿ, ಅದರ ಕೆಳಗೆ ಒಂದು ಗೀಟು.

ಮನೆಯೊಳಗೇ ಇರುವ ಪಾತ್ರೆಗೆ ಗುರ್ತ ಇಲ್ಲ. ಹೊರಗೆ ಹೋಗಿ ತಿರುಗಿ ಬರಬೇಕಾದದ್ದಕ್ಕೆ ಮಾತ್ರ. ತಂದವರು ಅದನ್ನು ಹಿಂದೆ ಕೊಡುವಾಗ ಖಾಲಿ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿ ಕೊಡಬೇಕು. ತೂತು ಬಿದ್ದದ್ದನ್ನಂತೂ ಕೊಡಲೇಬಾರದು. ಅದರ ಬದಲಿಗೆ ತಮ್ಮ ಮನೆಯದನ್ನೇ ಕೊಟ್ಟು ಮರ್ಯಾದೆ ಉಳಿಸಿಕೊಳ್ಳಬೇಕು. ಈಗಿನವರಿಗೆ ಇದೆಲ್ಲ ಬೇಡ. ಶಾಮಿಯಾನದವನಿಗೆ ಫೋನ್ ಮಾಡಿದರೆ ಕಡಾಯಿಯಿಂದ ಕೈ ಒರೆಸುವ ಕಾಗದದವರೆಗೆ ಎಲ್ಲ ಲಾರಿಯಲ್ಲಿ ಬರುತ್ತದೆ, ಲಾರಿಯಲ್ಲೇ ಹೋಗುತ್ತದೆ. ಯಾರ ಮನೆಯ ಪಾತ್ರೆಯೂ ಯಾರ ಮನೆಯನ್ನೂ ನೋಡುವುದಿಲ್ಲ.

ನಾನು ಹೇಳಲು ಹೊರಟದ್ದು ಒಂದು ಮಿಲಿಟ್ರಿ ಡಬ್ಬದ ಕಥೆ. ಅದು ಸಿದ್ಧಕಟ್ಟೆಯ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ಈಗ ತೊಂಬತ್ತರ ಹತ್ತಿರ. ಮಗಳ ಜೊತೆ ಹೊಸ ತಾರಸಿ ಮನೆಯಲ್ಲಿದ್ದಾರೆ. ಗ್ಯಾಸ್ ಒಲೆಯೂ ಮಿಕ್ಸಿಯೂ ಇರುವ ಆ ಹೊಳೆಯುವ ಅಡುಗೆಮನೆಯಲ್ಲಿ, ದೇವರ ಫೋಟೋದ ಪಕ್ಕದ ಗೂಡಿನಲ್ಲಿ, ಅಡಿಯೆಲ್ಲ ಮಸಿ ಹಿಡಿದ ಒಂದು ಅಲ್ಯುಮಿನಿಯಂ ಡಬ್ಬ ಇರುತ್ತಿತ್ತು. ಚೌಕವೂ ಅಲ್ಲದ, ಉದ್ದವೂ ಅಲ್ಲದ ಆಕಾರ, ಮೂಲೆಗಳು ದುಂಡು, ಮಡಚುವ ಒಂದು ಹಿಡಿ. ಸೈನಿಕರು ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಂಡು ಹೋಗಿ ಅದರಲ್ಲೇ ಬೇಯಿಸಿ ಅದರಲ್ಲೇ ಉಣ್ಣುವ ಪಾತ್ರೆ. ಅದು ದೊಡ್ಡಮ್ಮನ ಅಣ್ಣನದು, ನನ್ನ ದೊಡ್ಡ ಮಾವನದು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದೆವು.

ದೊಡ್ಡ ಮಾವ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದವರು. ನನ್ನ ತಾಯಿ ಆಗ ಹುಟ್ಟಿಯೂ ಇರಲಿಲ್ಲ, ದೊಡ್ಡಮ್ಮನಿಗೆ ಏಳು ವರ್ಷ. ಅವರು ಒಂದೇ ಒಂದು ಸಲ ರಜೆಯಲ್ಲಿ ಬಂದರಂತೆ. ಬಂದವರ ಚೀಲದಿಂದ ಈ ಡಬ್ಬ ಹೊರಗೆ ಬಂದಾಗ ಅಜ್ಜಿ ಅದನ್ನು ಮಗುಚಿ ಅಡಿ ನೋಡಿದರು. ಪರದೇಶಕ್ಕೆ ಹೋಗುವ ಪಾತ್ರೆಗೆ ಗುರ್ತ ಬೇಡವಾ ಎಂದು ಕೇಳಿದರು. ಮಾವ ನಕ್ಕು, ಒಂದು ಮೊಳೆ ಮತ್ತು ಕಲ್ಲು ತಂದು ಅಂಗಳದಲ್ಲಿ ಕೂತರು. ಡಬ್ಬ ಅಲುಗದಂತೆ ಹಿಡಿಯುವ ಕೆಲಸ ದೊಡ್ಡಮ್ಮನದು. ಎರಡು ಚುಕ್ಕಿ ಸರಿಯಾಗಿ ಬಿತ್ತು. ಮೂರನೆಯದು ಹೊಡೆಯುವಾಗ ದೊಡ್ಡಮ್ಮ ಹೆದರಿ ಕೈ ಎಳೆದರು, ಚುಕ್ಕಿ ಸಾಲು ಬಿಟ್ಟು ಹೊರಗೆ ಹೋಯಿತು. ಬೈಗುಳ ಬೀಳುತ್ತದೆಂದು ಅವರು ಕಣ್ಣು ಮುಚ್ಚಿದರೆ ಮಾವ, ಒಳ್ಳೆಯದೇ ಆಯಿತು, ಸಾವಿರ ಡಬ್ಬದ ನಡುವೆ ಬಿದ್ದರೂ ಇನ್ನು ನನಗೆ ಇದು ಸಿಗುತ್ತದೆ ಎಂದರಂತೆ.

ಈ ಕಥೆಯನ್ನು ದೊಡ್ಡಮ್ಮ ಎಷ್ಟು ಸಲ ಹೇಳಿದ್ದಾರೆಂದರೆ ಅದರಲ್ಲಿ ಕಲ್ಲಿನ ಸದ್ದು ಎಲ್ಲಿ ಬರಬೇಕೆಂದು ನಮಗೆ ಬಾಯಿಪಾಠ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತಿತ್ತು. ಅಣ್ಣ ಬಹಳ ನಿಧಾನ ಉಣ್ಣುವವ. ಎಲ್ಲರ ಎಲೆ ಎತ್ತಿದ ಮೇಲೂ ಅವನೊಬ್ಬ ಕೂತು ಒಂದೊಂದೇ ತುತ್ತು ಕಲಸುತ್ತಿದ್ದ, ಅಜ್ಜಿ ಸೌಟು ಹಿಡಿದು ಎದುರಿಗೆ ಕೂತಿರುತ್ತಿದ್ದರು. ಮಿಲಿಟ್ರಿಯಲ್ಲಿ ಇವನನ್ನು ಯಾರು ಕಾಯುತ್ತಾರೆ ಎಂಬುದೇ ಅಜ್ಜಿಗಿದ್ದ ಚಿಂತೆಯಂತೆ. ಗುಂಡು, ಬಾಂಬುಗಳ ಬಗ್ಗೆ ಅವರು ಯೋಚಿಸಿರಲಿಲ್ಲ.

ರಜೆ ಮುಗಿಸಿ ಹೋದವರು ಬರ್ಮಾದ ಕಾಡಿನ ಕಡೆ ಹೋದರು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಶಾಲೆಯ ಮಾಸ್ಟ್ರು ಓದಿ, ಕಾಣೆಯಾಗಿದ್ದಾನೆ ಎಂದು ಅರ್ಥ ಹೇಳಿದರು. ಕಾಣೆಯಾದದ್ದು ಹುಡುಕಿದರೆ ಸಿಗುತ್ತದೆ, ಸತ್ತಿದ್ದಾನೆಂದು ಬರೆದಿಲ್ಲವಲ್ಲ ಎಂದು ಅಜ್ಜಿ ಆ ಶಬ್ದವನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಯುದ್ಧ ಮುಗಿದ ಮೇಲೆ ಒಬ್ಬರು ನಡೆದುಕೊಂಡು ಮನೆಗೆ ಬಂದರು. ಘಟ್ಟದ ಬುಡದ ಊರಿನವ, ನಿಮ್ಮ ಮಗನ ಜೊತೆಗಿದ್ದವ ಎಂದಷ್ಟೇ ಹೇಳಿ, ಚೀಲದಿಂದ ಈ ಡಬ್ಬ ತೆಗೆದು ಅಜ್ಜಿಯ ಕೈಗೆ ಕೊಟ್ಟರು. ಅದರೊಳಗೆ ಒಂದು ಅಚ್ಚು ಬೆಲ್ಲ ಇತ್ತು. ಮಗ ಎಲ್ಲಿ ಎಂದು ಕೇಳಿದರೆ ನೆಲ ನೋಡಿಕೊಂಡು, ಕಾಡಿನಲ್ಲಿ ದಾರಿ ಬೇರೆಯಾಯಿತು, ಹಿಂದಿನಿಂದ ಬರಬಹುದು ಎಂದರು. ಊಟಕ್ಕೆ ಎಷ್ಟು ಕರೆದರೂ ನಿಲ್ಲಲಿಲ್ಲ. ನೀರು ಕುಡಿದು ಹೊರಟೇಬಿಟ್ಟರು. ಯಾವ ಮನೆ, ಯಾವ ಊರು ಎಂದು ಸರಿಯಾಗಿ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪಾತ್ರೆ ಖಾಲಿ ಬರಲಿಲ್ಲ, ತೂತಿಲ್ಲದೆ ಬಂತು. ಕ್ರಮಪ್ರಕಾರ ಬಂದಿದೆ, ಹಾಗಾದರೆ ಮಗನೂ ಬರುತ್ತಾನೆ ಎಂದು ಅಜ್ಜಿ ತೀರ್ಮಾನಿಸಿದರು. ಡಬ್ಬದ ಅಡಿಯಲ್ಲಿ ಮಸಿ ಕಟ್ಟಿತ್ತು. ಅದು ಮಗ ಕೊನೆಯದಾಗಿ ಬೇಯಿಸಿದ ಅನ್ನದ ಮಸಿ, ಅದನ್ನು ಯಾರೂ ತಿಕ್ಕಬಾರದು ಎಂದು ಕಟ್ಟಪ್ಪಣೆಯಾಯಿತು. ಅಜ್ಜಿಯ ನಂತರ ದೊಡ್ಡಮ್ಮ ಆ ಅಪ್ಪಣೆಯನ್ನು ಪಾಲಿಸಿದರು.

ನಮ್ಮಲ್ಲಿ ಆಟಿ ತಿಂಗಳಲ್ಲಿ, ಎಂದರೆ ಮಳೆಗಾಲದ ನಡುವೆ, ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮವಿದೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು. ಅವರು ಉಂಡಾಯಿತು ಎನ್ನುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯುವುದು. ಅಜ್ಜನಿಗೆ ಎಲೆ ಬಿತ್ತು, ಅಜ್ಜಿಗೆ ಬಿತ್ತು, ಆರು ವರ್ಷದಿಂದ ನನ್ನ ತಾಯಿಗೂ ಬೀಳುತ್ತಿದೆ. ದೊಡ್ಡ ಮಾವನಿಗೆ ಮಾತ್ರ ಇಲ್ಲ. ಬದುಕಿರುವವನಿಗೆ ಯಾರಾದರೂ ಎಲೆ ಹಾಕುತ್ತಾರಾ ಎಂದು ದೊಡ್ಡಮ್ಮ ಕೇಳುತ್ತಿದ್ದರು. ಮಾವನಿಗೆ ಈಗ ನೂರು ದಾಟಿತಲ್ಲ ದೊಡ್ಡಮ್ಮ ಎಂದು ನಾನು ಕೀಟಲೆ ಮಾಡಿದರೆ, ದಾಟಲಿ, ನಿನಗೇನು ನಷ್ಟ ಎನ್ನುತ್ತಿದ್ದರು. ಬರ್ಮಾದಲ್ಲಿ ಅಣ್ಣನಿಗೆ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇದ್ದಾರೆಂದು ಅವರು ಲೆಕ್ಕ ಹಾಕಿ ಇಟ್ಟಿದ್ದರು.

ಡಬ್ಬ ಅಣ್ಣನದೇ ಎಂಬುದಕ್ಕೆ ಅವರಿಗಿದ್ದ ಸಾಕ್ಷಿ ಹಿಡಿಯ ಬುಡದಲ್ಲಿತ್ತು. ಅಲ್ಲಿ ಒತ್ತಿದ ಎರಡು ಇಂಗ್ಲಿಷ್ ಅಕ್ಷರ, ಕೆ ಮತ್ತು ಬಿ. ಕೆ ಎಂದರೆ ಮನೆಯ ಹೆಸರು, ಬಿ ಎಂದರೆ ಅಣ್ಣನ ಹೆಸರು ಎಂದು ಅದೇ ಮಾಸ್ಟ್ರು ಓದಿ ಹೇಳಿದ್ದರು. ದೊಡ್ಡಮ್ಮನಿಗೆ ಬರುವ ಇಂಗ್ಲಿಷ್ ಅಕ್ಷರಗಳು ಅವೆರಡೇ. ಅದರ ಮೇಲೆ ಮೂರು ಗೀಟು ಕೂಡಿದ ಇನ್ನೊಂದು ಗುರುತಿತ್ತು, ಥೇಟ್ ಕಾಗೆಯ ಕಾಲು. ಸತ್ತವರ ಪಿಂಡ ಮುಟ್ಟಲು ಬರುವ ಕಾಗೆ ಮಗನ ಪಾತ್ರೆಯ ಮೇಲೆ ಯಾಕೆ ಕೂತಿತು ಎಂದು ಅಜ್ಜಿ ಅದರ ಮೇಲೆ ಕೆಂಪು ಬಟ್ಟೆ ಸುತ್ತಿಬಿಟ್ಟಿದ್ದರು. ಆ ಬಟ್ಟೆ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದರೂ ಯಾರೂ ಬಿಚ್ಚಿರಲಿಲ್ಲ.

ಎರಡು ವರ್ಷದ ಹಿಂದೆ ಆ ಹಿಡಿಯ ರಿವೆಟ್ ಕಳಚಿತು. ನೀನು ಪಾತ್ರೆಯವನಲ್ವಾ, ಸರಿಮಾಡಿ ಕೊಡು, ಆದರೆ ಮಸಿ ಮುಟ್ಟಬೇಡ ಎಂದು ದೊಡ್ಡಮ್ಮ ಡಬ್ಬವನ್ನು ನನ್ನ ಕೈಗೆ ಕೊಟ್ಟರು. ಸಣ್ಣ ಮಗುವನ್ನು ಬಸ್ಸಿನಲ್ಲಿ ಕಳಿಸುವ ಹಾಗೆ ಹತ್ತು ಸಲ ಎಚ್ಚರಿಕೆ ಹೇಳಿದರು. ಅಂಗಡಿಯಲ್ಲಿ ರಿವೆಟ್ ಹಾಕಲು ನಾನು ಆ ಬಟ್ಟೆ ಬಿಚ್ಚಿದ ಹೊತ್ತಿಗೇ ಸಾಹೇಬರು ಬಂದರು. ಸಾಹೇಬರದು ಬಿ.ಸಿ. ರೋಡಿನಲ್ಲಿ ಗುಜರಿ ವ್ಯಾಪಾರ. ಬಹಳ ವರ್ಷ ಸೌದಿಯಲ್ಲಿದ್ದು ಬಂದವರು. ಗುಜರಿಗೆ ಬರುವ ಹಳೆಯ ಮಿಲಿಟ್ರಿ ಸಾಮಾನುಗಳನ್ನು ಮಾರದೆ ಕೂಡಿಡುವುದು ಅವರ ಹುಚ್ಚು: ನೀರಿನ ಬಾಟಲಿ, ಸೊಂಟದ ಪಟ್ಟಿ, ಗುದ್ದಲಿ. ಅದರ ಮೇಲಿನ ಮುದ್ರೆಗಳನ್ನು ಓದುವುದರಲ್ಲಿ ನಾನು ತಟ್ಟೆ ತಿರುಗಿಸುವವನಾದರೆ ಅವರು ನನ್ನ ಅಪ್ಪ.

ಅವರು ಕನ್ನಡಕ ಹಣೆಗೇರಿಸಿ ಡಬ್ಬವನ್ನು ಮೂಗಿನ ಹತ್ತಿರ ಹಿಡಿದರು. “ಇದು ಕಾಗೆ ಕಾಲಲ್ಲ ಮಾರಾಯ್ರೇ, ಬಾಣ. ಸರಕಾರದ ಮಾಲು ಅಂತ ಹೊಡೆಯುವ ಮುದ್ರೆ. ಕೆಳಗೆ ಒಂದು ಗೀಟು ಉಂಟಲ್ಲ, ಅದು ಇಂಡಿಯದ ಐ. ಮತ್ತೆ ಈ ಕೆ, ಬಿ ಉಂಟಲ್ಲ, ಅದು ಡಬ್ಬ ಮಾಡಿದ ಕಂಪೆನಿದು. ನನ್ನ ಹತ್ತಿರ ಇಂಥದ್ದು ಇನ್ನೂ ಮೂರು ಉಂಟು. ಮೂರರಲ್ಲಿಯೂ ಇದೇ ಅಕ್ಷರ.”

ನಾನು ನಂಬುವುದಿಲ್ಲವೆಂದು ಮಾರನೆಯ ವಾರ ಒಂದನ್ನು ತಂದು ತೋರಿಸಿದರು. ಅದೇ ಬಾಣ, ಅದೇ ಕೆ, ಅದೇ ಬಿ, ಒಂದೇ ಅಚ್ಚಿನಿಂದ ಒತ್ತಿದ್ದು. ನಿಜ ಹೇಳಬೇಕೆಂದರೆ ನನಗೆ ಇದು ಮೊದಲೇ ಗೊತ್ತಾಗಬೇಕಿತ್ತು. ಕೈಯಲ್ಲಿ ಹೊಡೆದ ಅಕ್ಷರ ಎಲ್ಲಿಯೋ ಸ್ವಲ್ಪ ಓರೆಯಾಗುತ್ತದೆ, ಒಂದು ಕಡೆ ಆಳ, ಒಂದು ಕಡೆ ತೇಲು. ಇವು ಎಲ್ಲ ಕಡೆ ಒಂದೇ ಸಮ. ಊರಿನವರ ತಟ್ಟೆಯನ್ನೆಲ್ಲ ತಿರುಗಿಸಿ ನೋಡಿದ ನಾನು ಸ್ವಂತ ದೊಡ್ಡಮ್ಮನ ಡಬ್ಬವನ್ನು ನೋಡಿರಲಿಲ್ಲ. ಸಿಪಾಯಿಗಳು ತಮ್ಮದೆಂದು ತಿಳಿಯಲು ನಂಬರನ್ನೋ ಹೆಸರನ್ನೋ ಬೇರೆ ಎಲ್ಲಿಯಾದರೂ ಗೀರಿರುತ್ತಾರೆ, ಅಡಿಯಲ್ಲಿ ನೋಡಿ ಎಂದು ಸಾಹೇಬರು ಹೇಳಿದರು. ಅಡಿಯಲ್ಲಿ ಏನಿರಬೇಕೆಂದು ನನಗೆ ಗೊತ್ತಿತ್ತು. ಅದರ ಮೇಲೆ ಮಸಿಯೂ ಇತ್ತು.

ಇದನ್ನು ನನ್ನಲ್ಲೇ ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿಯೇ ಸಿದ್ಧಕಟ್ಟೆಗೆ ಹೋದೆ. ಆದರೆ ನನ್ನ ಬಾಯಿಗೆ ಬೀಗ ಇಲ್ಲ. ಡಬ್ಬ ಕೈಗೆ ಬಂದದ್ದೇ ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹತ್ತು ದಿನ ಯಾಕೆ ಬೇಕಾಯಿತು, ಬಟ್ಟೆ ಯಾಕೆ ಬಿಚ್ಚಿದೆ, ಈ ಮೂಲೆಯಲ್ಲಿ ಮಸಿ ಕಡಿಮೆಯಾಗಿದೆಯಲ್ಲ, ತಿಕ್ಕಿದೆಯಾ ಎಂದು ವಕೀಲರ ಹಾಗೆ ಪ್ರಶ್ನೆ ಹಾಕತೊಡಗಿದರು. ಸೆಖೆಯಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಬಂದವನಿಗೆ ಸಿಟ್ಟು ನೆತ್ತಿಗೇರಿತು. “ಮಸಿ ಮಸಿ ಅಂತ ಯಾಕೆ ಸಾಯ್ತೀರಿ ದೊಡ್ಡಮ್ಮ? ಆ ಅಕ್ಷರವೇ ಮಾವಂದಲ್ಲ, ಕಂಪೆನಿದು. ಇಂಥ ಡಬ್ಬ ಸಾವಿರ ಉಂಟು.”

ಹೇಳಿದ ಮೇಲೆ ಬುದ್ಧಿ ಬಂದು ಏನು ಪ್ರಯೋಜನ. ದೊಡ್ಡಮ್ಮ ಡಬ್ಬವನ್ನು ಗೂಡಿನಲ್ಲಿ ಇಡುವ ಬದಲು ಮೇಜಿನ ಮೇಲೆ, ಸ್ಟೀಲ್ ಲೋಟಗಳ ಸಾಲಿನಲ್ಲಿ ಇಟ್ಟು ಒಳಗೆ ಹೋದರು. ಅಕ್ಕ, ಎಂದರೆ ಅವರ ಮಗಳು, ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆಮೇಲೆ ಅಕ್ಕ ಫೋನ್ ಮಾಡಿದಾಗಲೆಲ್ಲ ಅದೇ ವರದಿ. ಅಮ್ಮ ಸರಿಯಾಗಿ ಉಣ್ಣುವುದಿಲ್ಲ, ಅಣ್ಣನ ಕಥೆ ಹೇಳುವುದಿಲ್ಲ, ಡಬ್ಬದ ಕಡೆ ಕಣ್ಣು ಹಾಯಿಸುವುದಿಲ್ಲ. ಆ ಎರಡು ಅಕ್ಷರದಿಂದ ಯಾರಿಗೂ ಉಪದ್ರವಿರಲಿಲ್ಲ. ಅವರು ಅದನ್ನು ನಂಬಿಕೊಂಡು ಇನ್ನೂ ನಾಲ್ಕು ವರ್ಷ ಸುಖವಾಗಿ ಇರುತ್ತಿದ್ದರು.

ಒಂದು ತಿಂಗಳ ಮೇಲೆ ದೊಡ್ಡಮ್ಮನೇ ಹೇಳಿ ಕಳಿಸಿದರು. ಹೋದರೆ ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಸ್ಟೂಲ್ ಹಾಕಿಸಿಕೊಂಡು ಕೂತಿದ್ದರು. ಮುಂದೆ ಹುಣಸೆಹುಳಿ, ಬೂದಿ, ತೆಂಗಿನ ನಾರು. ಮಡಿಲಲ್ಲಿ ಡಬ್ಬ. ಅಕ್ಷರ ಸುಳ್ಳಾದರೆ ಇನ್ನು ಉಳಿದದ್ದು ಅಡಿಯ ಗುರ್ತ ಒಂದೇ, ಅದನ್ನು ನೋಡಿಬಿಡುತ್ತೇನೆ ಎಂದರು. ನಾನು ತಿಕ್ಕುತ್ತೇನೆ ಎಂದರೆ ಕೊಡಲಿಲ್ಲ. ಇಷ್ಟು ವರ್ಷ ಯಾಕೆ ನೋಡಲಿಲ್ಲ ಎಂದು ನಾನು ಕೇಳಲಿಲ್ಲ. ಮಸಿಯ ಮೇಲಿನ ಪ್ರೀತಿ ಅರ್ಧ, ನೋಡುವ ಹೆದರಿಕೆ ಅರ್ಧ ಎಂದು ನನಗೆ ಆಗ ಅನ್ನಿಸಿತು. ಅಜ್ಜಿಗೂ ಅದೇ ಹೆದರಿಕೆ ಇದ್ದಿರಬೇಕು.

ಅವರ ಬೆರಳುಗಳು ಸೊಟ್ಟಗಾಗಿವೆ, ನಾರು ಹಿಡಿಯಲು ಬರುವುದಿಲ್ಲ. ಆದರೂ ಬಿಡದೆ ತಿಕ್ಕಿದರು. ಕಪ್ಪು ನೀರು ಕಲ್ಲಿನ ಮೇಲಿಂದ ಇಳಿದು ಬಸಳೆಯ ಬುಡಕ್ಕೆ ಹೋಯಿತು. ಒಂದು ಹಂತದಲ್ಲಿ ನಿಲ್ಲಿಸಿ ಆ ನೀರನ್ನೇ ನೋಡಿದರು, ಆಮೇಲೆ ಮತ್ತೆ ತಿಕ್ಕಿದರು. ಅರ್ಧ ಗಂಟೆಯ ಮೇಲೆ ಅಡಿ ಬಿಳುಪಾಯಿತು. ಅಲ್ಲಿ ಗುರ್ತ ಇತ್ತು, ಮೊಳೆಯಲ್ಲಿ ಹೊಡೆದದ್ದೇ. ಆದರೆ ಮೂರು ಚುಕ್ಕಿಯೂ ಅಲ್ಲ, ಗೀಟೂ ಅಲ್ಲ. ಅಡ್ಡ ಹಾಯ್ದ ಎರಡು ಗೆರೆಗಳ ಒಂದು ಕತ್ತರಿ, ಅದರ ಎರಡು ಬದಿಗೆ ಒಂದೊಂದು ಚುಕ್ಕಿ.

ಅಕ್ಕ ಅಳತೊಡಗಿದಳು. ನನಗೆ ನನ್ನ ನಾಲಗೆಯನ್ನು ಕಿತ್ತು ಆ ಬಸಳೆಯ ಬುಡಕ್ಕೇ ಹಾಕಬೇಕೆನಿಸಿತು. ಯಾರದ್ದೋ ಅನ್ನದ ಮಸಿಯನ್ನು ಇವರು ಜೀವಮಾನವಿಡೀ ಕಾದರಲ್ಲ. ಆದರೆ ದೊಡ್ಡಮ್ಮನ ಮುಖದಲ್ಲಿ ನಾನು ಹೆದರಿದ್ದು ಯಾವುದೂ ಇರಲಿಲ್ಲ. ಅವರು ಬೆರಳಿನಿಂದ ಆ ಕತ್ತರಿಯನ್ನು ಸವರಿ, ಮದುವೆ ಮನೆಯ ಹಿಂದಿನ ಅಂಗಳದಲ್ಲಿ ಪಾತ್ರೆ ವಿಂಗಡಿಸುವ ಹೆಂಗಸರ ಧ್ವನಿಯಲ್ಲಿ ಹೇಳಿದರು. “ಅದಲು ಬದಲು ಆಗಿದೆ ಮಗಾ. ಅವರದ್ದು ನಮ್ಮಲ್ಲಿಗೆ ಬಂದಿದೆ ಅಂದ್ರೆ ನಮ್ಮದು ಅವರ ಮನೆಯಲ್ಲಿ ಉಂಟು. ಹೋಗಿ ತೆಕ್ಕೊಂಡು ಬಾ.”

ಮದುವೆಯಲ್ಲಿ ಹಾಗೆಯೇ ಆಗುವುದು. ಬೇರೆಯವರ ಗುರ್ತದ ಪಾತ್ರೆ ನಮ್ಮ ಮನೆಗೆ ಬಂದರೆ ಯಾರೂ ಅಳುವುದಿಲ್ಲ, ಅವರ ಮನೆಗೆ ಹೋಗಿ ಕೇಳುತ್ತಾರೆ. ಎಂಬತ್ತು ವರ್ಷ ಎಂಬುದು ದೊಡ್ಡಮ್ಮನ ಲೆಕ್ಕದಲ್ಲಿ ಒಂದು ದೊಡ್ಡ ಸಂಗತಿಯಾಗಿರಲಿಲ್ಲ. ಡಬ್ಬ ತಂದುಕೊಟ್ಟವರು ಘಟ್ಟದ ಬುಡದವ ಎಂದು ಹೇಳಿದ್ದು ಅವರಿಗೆ ನೆನಪಿತ್ತು. ಚಾರ್ಮಾಡಿಯ ಈಚೆ ಹುಡುಕು ಎಂದರು. ನಾನು ಒಂದು ಚೀಟಿಯಲ್ಲಿ ಕತ್ತರಿಯನ್ನೂ ಎರಡು ಚುಕ್ಕಿಗಳನ್ನೂ ಬರೆದುಕೊಂಡು, ಒಂದು ಆದಿತ್ಯವಾರ ಅಂಗಡಿಗೆ ರಜೆ ಹಾಕಿ ಬಸ್ಸು ಹತ್ತಿದೆ. ವೇಣೂರು, ಬೆಳ್ತಂಗಡಿ, ಉಜಿರೆ ದಾಟಿ ಕಕ್ಕಿಂಜೆಯಲ್ಲಿ ಇಳಿದಾಗ ಹುಚ್ಚನ ಹಾಗೆ ಬಂದುಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಯಾರ ಹತ್ತಿರ ಏನೆಂದು ಕೇಳುವುದು?

ಹಾಳು ಶಾಮಿಯಾನದವರೇ ಕೊನೆಗೆ ಉಪಕಾರಕ್ಕೆ ಬಂದರು. ಬಾಡಿಗೆ ಪಾತ್ರೆಯ ಅಂಗಡಿಯೊಂದು ರಸ್ತೆಯ ಬದಿಯಲ್ಲೇ ಇತ್ತು. ಮನೆಗಳವರು ಬೇಡವೆಂದು ಕೊಟ್ಟ ಹಳೆಯ ತಾಮ್ರದ ಕಡಾಯಿಗಳು ಅವರ ಶೆಡ್ಡಿನಲ್ಲಿ ಬೋರಲು ಬಿದ್ದಿದ್ದವು. ನನ್ನ ಚಟಕ್ಕೆ ಅಷ್ಟು ಸಾಕು. ಏಳನೆಯ ಕಡಾಯಿಯ ಅಡಿಯಲ್ಲಿ ಕತ್ತರಿ ಇತ್ತು, ಅದರ ಎರಡು ಬದಿಗೆ ಒಂದೊಂದು ಚುಕ್ಕಿ. ಇದನ್ನು ಕೊಟ್ಟದ್ದು ಯಾವ ಮನೆಯವರು ಎಂದು ಅಂಗಡಿಯವನನ್ನು ಕೇಳಿದೆ.